ನಡುಮನೆಯ ನೇರಳೆ ದೀಪ

ಇವತ್ತು ಮಾಡಿದ ಕೆಲಸ: ಅಂಗಳ ಗುಡಿಸಿ ನೀರು ಹೊಡೆದೆ. ನಳ ಬಂದಿತ್ತು, ಕೊಡಗಳನ್ನೂ ಹಿತ್ತಲಿನ ಬ್ಯಾರಲ್ಲನ್ನೂ ತುಂಬಿದೆ. ಅಣ್ಣನ ಡಬ್ಬಿ ಕಟ್ಟಿದೆ. ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಎದುರು ಮನೆಯವರ ಜಂಪರಿಗೆ ಹುಕ್ಕು ಹಚ್ಚಿದೆ. ಸಂಜೆ ನಡುಮನೆಯ ಕಸ ತೆಗೆಯಲು ಹೋದಾಗ ಅಲ್ಲಿಯ ದೀಪ ಆರಿತ್ತು. ಕರೆಂಟು ಇತ್ತು, ಸ್ವಿಚ್ಚೂ ಹಾಕಿಯೇ ಇತ್ತು. ಪಿನ್ನು ಕಿತ್ತು ಅಡುಗೆಮನೆಯ ಬೋರ್ಡಿಗೆ ಚುಚ್ಚಿ ನೋಡಿದೆ. ಹೊತ್ತಲಿಲ್ಲ. ಸುಟ್ಟುಹೋಗಿತ್ತು. ಮೇಲೆ ಕೂತಿದ್ದ ಧೂಳು ಒರೆಸಿ ಇದ್ದಲ್ಲಿಯೇ ಇಟ್ಟೆ. ಅವ್ವನಿಗೆ ಹೇಳುವ ಕೆಲಸವೊಂದು ಉಳಿಯಿತು.

ಆ ದೀಪದ ಕೆಳಗೆ ನಮ್ಮ ವೈನಿಯ ಕೈ ಹಸಿ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ಗಿಣ್ಣು ಗಿಣ್ಣು ಬಾತ ಬೆರಳುಗಳು, ಉಗುರಿನ ಸಂದಿಯಲ್ಲಿ ಮಣ್ಣು. ಹಸಿರು ಬಳೆ ಆ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತಿದ್ದವು. ಕುಂಡದ ಮೇಲೆ ಅಂಗೈ ಚಾಚಿ, ಹೆಬ್ಬೆರಳಿನಿಂದ ಕಿರುಬೆರಳಿಗೆ ಗೇಣು ಹಾಕಿ, ದೀಪಕ್ಕೂ ಗಿಡದ ಕುಡಿಗೂ ನಡುವೆ ಎಷ್ಟು ಜಾಗವಿದೆಯೆಂದು ಅಳೆಯುತ್ತಿದ್ದಳು. ಅವಳನ್ನು ನೆನೆದಾಗೆಲ್ಲ ನನಗೆ ಮೊದಲು ಕಾಣುವುದು ಮುಖವಲ್ಲ, ಆ ಗೇಣು.

ವೈನಿ ನಮ್ಮ ಅಣ್ಣನ ಹೆಂಡತಿ. ತವರು ಅಥಣಿ ಕಡೆಯ ತೆಲಸಂಗ. ಅಲ್ಲಿಯ ಬಯಲಿನಲ್ಲಿ ಬೆಳೆದವಳನ್ನು ತಂದು ನಿಪ್ಪಾಣಿಯ ಈ ಓಣಿಯಲ್ಲಿ ಇಟ್ಟಿದ್ದೆವು. ನಮ್ಮದು ರೈಲುಡಬ್ಬಿಯಂಥ ಮನೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಎರಡರ ನಡುವೆ ಕಿಟಕಿಯೇ ಇಲ್ಲದ ನಡುಮನೆ. ಒಂದು ಬದಿಗೆ ತಂಬಾಕಿನ ವಖಾರಿ. ಅದು ಇರುವವರೆಗೆ ನಡುಮನೆಯ ಗೋಡೆಯ ಮೇಲಿನ ಬೆಳಕಿಂಡಿಯಿಂದ ಮಧ್ಯಾಹ್ನ ಒಂದು ಚೂರು ಬಿಸಿಲು ಬೀಳುತ್ತಿತ್ತು, ಘಾಟೂ ಬರುತ್ತಿತ್ತು. ಆಮೇಲೆ ವಖಾರಿ ಕೆಡವಿ ಅಲ್ಲಿ ಮಾಳಿಗೆಯ ಮೇಲೆ ಮಾಳಿಗೆ ಏರಿಸಿ ಅಂಗಡಿ ಸಾಲು ಕಟ್ಟಿದರು. ಘಾಟು ಹೋಯಿತು, ಬಿಸಿಲೂ ಹೋಯಿತು.

ಮದುವೆಯಾಗಿ ಬಂದ ಹೊಸತರಲ್ಲಿ ವೈನಿ ಅಂದಿದ್ದಳಂತೆ, "ನಮ್ಮ ಊರಾಗ ಬಿಸಲು ಬಾಗಲಾ ಬಡ್ಯಂಗಿಲ್ರಿ, ಸೀದಾ ಒಳಗ ಬರತೈತಿ. ಇಲ್ಲಿ ನೋಡಿದ್ರ ಕರದು ಕೂಡಸಬೇಕು."

ಹಾಗೆ ಕರೆದು ಕೂಡಿಸಲು ಅವಳು ಹತ್ತಿದ್ದು ಮಾಳಿಗೆ. ಎಣ್ಣೆ ಡಬ್ಬಿ, ಒಡೆದ ಬಕೆಟ್ಟು, ಅಣ್ಣನ ಹಳೆಯ ಹೆಲ್ಮೆಟ್ಟು, ಮಣ್ಣು ಹಿಡಿಯುವಂಥದ್ದು ಏನು ಸಿಕ್ಕರೂ ಅದರಲ್ಲೊಂದು ಗಿಡ. ಮಾಳಿಗೆಯ ಮೇಲೆ ಅವಳ ಮಾತು ಕೇಳಿದರೆ ಯಾರೋ ನೆಂಟರು ಬಂದಿದ್ದಾರೆ ಅನಿಸಬೇಕು. "ಏ ದೊಡ್ಡಪತ್ರಿ, ನಿನಗೇನ ಸೊಕ್ಕೋ, ನಿನ್ನೆರೆ ನೀರ ಹಾಕೇನಲ್ಲ?" ಎಂದು ಬೈಯುತ್ತಿದ್ದಳು. ತುಳಸಿಗೆ ಮಾತ್ರ ಬಹುವಚನ.

ನಾನು ಈ ಮನೆಗೆ ಮರಳಿ ಬಂದದ್ದು ಗಂಡ ತೀರಿದ ಮೇಲೆ. ರಿಕ್ಷಾದಿಂದ ಟ್ರಂಕು ಇಳಿಸುತ್ತಿದ್ದಂತೆ ಅವ್ವ ಹೊಸ್ತಿಲಲ್ಲಿಯೇ ಅಳಲು ಕೂತಳು. ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಅವ್ವನ ಜೊತೆ ಸೇರಿದರು. ನನಗೆ ಎಲ್ಲಿ ನಿಲ್ಲಬೇಕು, ಕೈ ಎಲ್ಲಿಡಬೇಕು ತಿಳಿಯಲಿಲ್ಲ. ಆಗ ಒಳಗಿನಿಂದ ವೈನಿಯ ದನಿ ಬಂತು.

"ತಂಗೀ, ಲಗೂನ ಬಾ ಇಲ್ಲೆ. ಹಿಟ್ಟ ನಾದ ಸ್ವಲ್ಪ. ನನ್ನ ಕೈ ಬಾಳ ನೋಯಾಕತ್ತಾವ."

ಹೋಗಿ ಪರಾತದ ಮುಂದೆ ಕೂತು ಹಿಟ್ಟು ನಾದಿದೆ. ರೊಟ್ಟಿ ಬಡಿದೆ. ನನ್ನ ಬೆನ್ನ ಹಿಂದೆ ನಿಂತು ವೈನಿ ಬದನೆಕಾಯಿ ಹೆಚ್ಚಿ, ಕೊಬ್ಬರಿ ತುರಿದು, ಶೇಂಗಾ ಕುಟ್ಟಿದಳು. ನೋಯುವ ಕೈಯ ಕೆಲಸ ಅಲ್ಲ ಅದು. ಆ ದಿನದಿಂದ ಈ ಮನೆಯಲ್ಲಿ ರೊಟ್ಟಿ ನನ್ನದು. ಈಗಲೂ ನನ್ನದೇ. ನನ್ನನ್ನು ಯಾರೂ "ಎಷ್ಟು ದಿನ ಇರ್ತಿ" ಎಂದು ಕೇಳಲಿಲ್ಲ. ರೊಟ್ಟಿ ಬಡಿಯುವವಳನ್ನು ಹಾಗೆ ಕೇಳುವುದು ಹೇಗೆ?

ಅಂದು ಹೇಳಿದ ಸುಳ್ಳು ನೋವು ಮುಂದೆ ಅವಳಿಗೆ ಖರೆಯಾಗಿ ಬಂತು. ಮೊದಲು ಬೆರಳ ಗಿಣ್ಣು. ಆಮೇಲೆ ಮೊಣಕಾಲು. ಆಮೇಲೆ ಕೆನ್ನೆಯ ಎರಡೂ ಬದಿಗೆ ಮೂಗಿನ ಮೇಲಿಂದ ಹಾದು ಒಂದು ಕೆಂಪು. ಬಿಸಿಲಿಗೆ ಹೋಗಿ ಬಂದರೆ ಅದು ಇನ್ನಷ್ಟು ಉರಿಯುತ್ತಿತ್ತು. ನಿಪ್ಪಾಣಿ ಆಯಿತು, ಚಿಕ್ಕೋಡಿ ಆಯಿತು, ಕೊನೆಗೆ ಮಿರಜಕ್ಕೆ ಹೋದೆವು. ಅಲ್ಲಿಯ ಡಾಕ್ಟರು ಹೇಳಿದ ರೋಗದ ಹೆಸರು ನಮ್ಮ ಬಾಯಲ್ಲಿ ನಿಲ್ಲಲಿಲ್ಲ. ತಿಳಿದದ್ದು ಇಷ್ಟು: ಮೈಯ ಕಾವಲುಗಾರರೇ ಮೈಯನ್ನು ಹೊಡೆಯುತ್ತಿದ್ದಾರೆ, ಗುಳಿಗೆ ಬಿಡಬಾರದು, ಬಿಸಿಲು ತಾಗಬಾರದು.

ವೈನಿ ನಕ್ಕಳು. "ನಾ ತೆಲಸಂಗದಾಕಿ ಅದೀನ್ರಿ ಸಾಹೇಬ್ರ. ಬಿಸಲ ಬ್ಯಾಡ ಅಂದ್ರ ತವರಮನಿ ಬ್ಯಾಡ ಅಂದಂಗ ಆತಲ್ರಿ."

ಡಾಕ್ಟರು ನಗಲಿಲ್ಲ. ಬರುವಾಗ ಬಸ್ಸಿನಲ್ಲಿ ಅವಳೂ ನಗಲಿಲ್ಲ. ಕಿಟಕಿಯ ಬದಿಯ ಸೀಟು ನನಗೆ ಬಿಟ್ಟು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಳು.

ಅಂದಿನಿಂದ ಅವಳ ಹಾಸಿಗೆ ನಡುಮನೆಗೆ ಬಂತು. ಪಡಸಾಲೆಗೆ ಮುಂಜಾನೆಯಿಂದ ಬಿಸಿಲು, ಅಡುಗೆಮನೆಯಲ್ಲಿ ಒಗ್ಗರಣೆಯ ಘಾಟು. ಉಳಿದದ್ದು ಅದೊಂದೇ ಕೋಣೆ. ಮಾಳಿಗೆಯ ಗಿಡಗಳಿಗೆ ನಾನು ನೀರು ಹಾಕುತ್ತೇನೆ ಅಂದೆ.

"ನೀ ನೀರ ಹಾಕತಿ ಖರೆ. ಅವ್ರ ಜೋಡಿ ಮಾತಾಡತಿ ಏನು?"

"ನನಗ ಬರಂಗಿಲ್ರಿ ವೈನಿ."

"ಮತ್ತ? ಕೆಳಗ ತಗೊಂಬಾ."

ಒಂದು ತುಳಸಿ, ಒಂದು ದೊಡ್ಡಪತ್ರೆ, ಪುದೀನ, ಬಾಟಲಿಯಲ್ಲಿ ಮನಿಪ್ಲಾಂಟು, ಇಷ್ಟನ್ನು ಸಣ್ಣ ಕುಂಡಗಳಲ್ಲಿ ಇಳಿಸಿ ತಂದೆ. ಹಾಸಿಗೆಯ ಎದುರಿನ ಕಬ್ಬಿಣದ ರ‍್ಯಾಕಿನಲ್ಲಿ ಇಟ್ಟೆವು. ಎಂಟು ದಿನದೊಳಗೆ ಪುದೀನದ ದಂಟು ದಾರದಂತೆ ಉದ್ದವಾಗಿ, ಬಾಗಿಲ ಕಡೆಗೆ ಕುತ್ತಿಗೆ ಚಾಚಿತು. ತುಳಸಿ ಒಂದೊಂದೇ ಎಲೆ ಉದುರಿಸಿತು. ವೈನಿ ಮಲಗಿದಲ್ಲಿಂದ ನೋಡುತ್ತಿದ್ದಳು. ಗುಳಿಗೆಯ ಕಹಿಗೆ ಅವಳು ಎಂದೂ ಮುಖ ಕಿವುಚಿದವಳಲ್ಲ, ಎಲೆ ಬಿದ್ದರೆ ಮಾತ್ರ ಗೋಡೆಯ ಕಡೆ ಹೊರಳುತ್ತಿದ್ದಳು.

ಮೊಬೈಲಿನಲ್ಲಿ ಯಾವುದೋ ವೀಡಿಯೋದಲ್ಲಿ ಅವಳು ಆ ದೀಪವನ್ನು ಕಂಡಳು. ಕಿಟಕಿಯಿಲ್ಲದ ಕೋಣೆಯಲ್ಲಿ ಗಿಡ ಬೆಳೆಸುವ ದೀಪ. ಅಣ್ಣ ಬಸ್ ಕಂಡಕ್ಟರು. ಅವನ ಡ್ಯೂಟಿ ಆಗ ಕೊಲ್ಲಾಪುರದ ಗಾಡಿಗೆ. ಮಾತು ಕಡಿಮೆ ಅವನದು. ಹೆಂಡತಿ ಹೇಳಿದ್ದನ್ನು ಕೇಳಿದನೋ ಇಲ್ಲವೋ ತಿಳಿಯಲಿಲ್ಲ. ಒಂದು ದಿನ ಟಿಕೆಟ್ ಮಶಿನ್ನಿನ ಚೀಲದೊಳಗಿಂದ ಒಂದು ಪೆಟ್ಟಿಗೆ ತೆಗೆದು ಅವಳ ಹಾಸಿಗೆಯ ಮೇಲಿಟ್ಟು ಕೈಕಾಲು ತೊಳೆಯಲು ಹೋದ. ರ‍್ಯಾಕಿಗೆ ಕಚ್ಚಿಸುವ ಚಿಮಟ, ಅದರಿಂದ ಎದ್ದ ಎರಡು ಬಾಗುವ ಕುತ್ತಿಗೆ, ಕುತ್ತಿಗೆಯ ತುದಿಗೆ ಕೆಂಪು-ನೀಲಿ ಕಾಳುಗಳು ಸಾಲಾಗಿ ಕೂತ ಎರಡು ಪಟ್ಟಿ. ಹಚ್ಚಿದೊಡನೆ ನಡುಮನೆಯೆಲ್ಲ ನೇರಳೆಯಾಯಿತು.

ಅವ್ವ ಬಾಗಿಲಲ್ಲಿ ನಿಂತು ಅಂದಳು, "ಲೇ, ಇದೇನ ನಾಟಕದ ಲೈಟ ತಂದೀಯೋ? ನನ್ನ ಸೊಸಿ ಮಾರಿ ರಾಕ್ಷಸಿ ಮಾರಿ ಆತಲ್ಲೋ!"

ಮರುದಿನ ಎದುರು ಮನೆಯ ಕಾಕು ಬಂದರು. "ಏನ್ರಿ ವೈನಿ, ಆರ್ಕೆಸ್ಟ್ರಾ ಬಾರ್ ತಗದೀರೇನು ಮನ್ಯಾಗ? ಬಾಗಲ ಸಂದ್ಯಾಗಿಂದ ಲೈಟ ಕಾಣತೈತಿ."

"ಹೂಂ ಕಾಕು, ತಗದೇವಿ. ಎಲ್ಲಾ ಆಗೇತಿ, ಕುಣ್ಯಾಕ ಒಬ್ರ ಕಡಿಮಿ ಅದಾರ. ಬರ್ರಿ ಒಳಗ."

ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕ ಸದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿತು. ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ನಗು ಮತ್ತೆ ಕೇಳಿದ ನೆನಪಿಲ್ಲ.

ದೀಪ ತಂದರೆ ಆಯಿತು ಅಂದುಕೊಂಡಿದ್ದೆವು. ಆಗಲಿಲ್ಲ. ಮೇಲೆ ಕಚ್ಚಿಸಿದಾಗ ಹೊಸದಾಗಿ ಹಾಕಿದ ಮೆಂತ್ಯೆಯ ಸಸಿಗಳು ಮತ್ತೆ ದಾರದಂತೆ ಏರಿ ಒಂದರ ಮೇಲೊಂದು ಬಿದ್ದವು. ಕೆಳಗೆ ತಂದಾಗ ತುಳಸಿಯ ಕುಡಿ ಬಿಳಿಚಿತು. ವೈನಿ ಕುಂಡದ ಅಡಿಗೆ ಇಟ್ಟಿಗೆ ಇಡಿಸಿದಳು, ತೆಗೆಸಿದಳು, ಅರ್ಧ ಇಟ್ಟಿಗೆ ಇಡಿಸಿದಳು. ಕೊನೆಗೆ ಅವಳ ಒಂದು ಗೇಣಿನ ಅಂತರಕ್ಕೆ ಎಲ್ಲ ಗಿಡವೂ ಒಪ್ಪಿದವು. ಗಿಡ ಬೆಳೆದಂತೆ ದೀಪದ ಕುತ್ತಿಗೆ ಎತ್ತಬೇಕು. ದಿನಾ ಮುಂಜಾನೆ ಅಣ್ಣ ಡ್ಯೂಟಿಗೆ ಹೋಗುವಾಗ ಹಚ್ಚುವುದು, ರಾತ್ರಿ ಊಟವಾಗಿ ನಾನು ಭಾಂಡೆ ತೊಳೆದು ಬಂದ ಮೇಲೆ ಆರಿಸುವುದು. ಆರಿಸುವಾಗ ವೈನಿ ಗಿಡಗಳಿಗೆ ಹೇಳುತ್ತಿದ್ದಳು, "ಮಲಕೋರಿ ಇನ್ನ. ಸಾಕ ದುಡದದ್ದು." ಬಾಟಲಿಯ ಮನಿಪ್ಲಾಂಟಿಗೂ ಹೊಸ ಎಲೆ ಬಂತು. ತುಳಸಿ ಚಿಗುರಿತು. ವೈನಿಯೂ ಆ ಮಳೆಗಾಲದಲ್ಲಿ ಎದ್ದು ಅಡುಗೆಮನೆಯವರೆಗೆ ಓಡಾಡಿದಳು.

ಆ ವರ್ಷದ ನವರಾತ್ರಿಯ ಮಾತು ಇಲ್ಲಿ ಹೇಳಲೇಬೇಕು. ನಮ್ಮ ಕಡೆ ನವರಾತ್ರಿಗೆ ಘಟ್ಟ ಕೂಡಿಸುತ್ತೇವೆ. ಪತ್ರಾವಳಿಯಲ್ಲಿ ಹೊಲದ ಮಣ್ಣು ಹರವಿ, ಕಾಳು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ ಇಡುವುದು. ಪಕ್ಕದಲ್ಲಿ ನಂದಾದೀಪ. ಒಂಬತ್ತು ದಿನ ಅದು ಆರಬಾರದು. ಆರಿದರೆ ಮನೆಗೆ ಕೇಡು. ದೇವರ ಮೂಲೆಯ ಕತ್ತಲಲ್ಲಿ ಸಸಿಗಳು ಹಳದಿಯಾಗಿ ಏಳುತ್ತವೆ. ದಸರೆಗೆ ಘಟ್ಟ ಎಬ್ಬಿಸಿ, ದೇವರಿಗೆ ಏರಿಸಿ, ಉಳಿದದ್ದನ್ನು ಗಂಡಸರು ಟೊಪ್ಪಿಗೆಗೆ, ಹೆಂಗಸರು ತುರುಬಿಗೆ ಸಿಕ್ಕಿಸಿಕೊಳ್ಳುವುದು. ಅದಾದ ಮೇಲೆಯೇ ದೀಪ ಶಾಂತ ಮಾಡುವುದು.

ಆ ಸಲ ವೈನಿಗೆ ಚೇಷ್ಟೆ ಹೊಳೆಯಿತು. "ಅತ್ತಿ, ಘಟ್ಟಾ ನನ್ನ ದೀಪದ ಕೆಳಗ ಕೂಡಸ್ರಿ, ನೋಡ್ರಿ ಹ್ಯಾಂಗ ಬರತಾವ." ಬಹಳ ಹೇಳಿದ ಮೇಲೆ ಅವ್ವ ಒಪ್ಪಿದಳು. ಒಪ್ಪಿದ್ದು ಒಂದು ಕರಾರಿನ ಮೇಲೆ: ಎಣ್ಣೆಯ ದೀಪದ ಜೊತೆಗೆ ಇದೂ ಒಂಬತ್ತು ದಿನ ಆರಬಾರದು. ವೈನಿ ಅಷ್ಟು ದಿನ ಪಡಸಾಲೆಯಲ್ಲಿ ಪರದೆ ಕಟ್ಟಿಸಿ ಮಲಗಿದಳು. ಸಸಿಗಳು ಗಿಡ್ಡಾಗಿ, ದಟ್ಟವಾಗಿ, ಕಡುಹಸಿರಾಗಿ ಎದ್ದವು. ಅವ್ವ ಅವನ್ನು ಹೊರಗೆ ಬಿಸಿಲಿಗೆ ಹಿಡಿದು ನೋಡಿ ಮುಖ ಸಣ್ಣ ಮಾಡಿದಳು.

"ಇದೇನ ಘಟ್ಟನೋ, ದನದ ಮೇವೋ? ಘಟ್ಟದ ಸಸಿ ಬಂಗಾರಧಂಗ ಹಳದಿ ಇರಬೇಕಬೇ."

"ಹಳದಿ ಅಂದ್ರ ಉಪಾಸ ಇದ್ಧಂಗ್ರಿ ಅತ್ತಿ. ಇವು ಉಂಡಾವ."

ಅವ್ವ ಬೈದಳು, ಆಮೇಲೆ ಅವನ್ನೇ ತುರುಬಿಗೆ ಸಿಕ್ಕಿಸಿಕೊಂಡಳು. ಆದರೆ ಅವಳ ಮನಸ್ಸಿನಲ್ಲಿ ಒಂದು ಮಾತು ಕೂತುಬಿಟ್ಟಿತು. ನಡುಮನೆಯ ಆ ದೀಪವೂ ಘಟ್ಟದ ದೀಪವೇ. ಅದರ ಕೆಳಗೆ ತುಳಸಿ ಇದೆ, ಬಿತ್ತಿದ ಮಣ್ಣು ಇದೆ. ಇನ್ನೇನು ಬೇಕು ದೇವರಿಗೆ?

ಚಳಿಗಾಲ ಮುಗಿಯುವ ಹೊತ್ತಿಗೆ ವೈನಿಯ ಕಾಲು ಬಾತವು. ಮೂತ್ರಪಿಂಡಕ್ಕೆ ಇಳಿದಿದೆ ಅಂದರು. ಮಿರಜದಲ್ಲಿ ಇಟ್ಟುಕೊಂಡು, ಆಮೇಲೆ ಮನೆಗೆ ಕಳಿಸಿದರು. ಗಾಡಿಯಿಂದ ಅವಳನ್ನು ಅಣ್ಣ ಎತ್ತಿಕೊಂಡು ಒಳಗೆ ತಂದಾಗ ಅವ್ವ ದಾರಿ ಬಿಟ್ಟು ಗೋಡೆಗೆ ಆತು ನಿಂತಳು. ಆ ಸಂಜೆ ಅವ್ವ ದೇವರ ಮುಂದಿನ ದೀಪ, ಎಣ್ಣೆಯ ಸಮೆ, ಹಚ್ಚಿ ನಡುಮನೆಗೆ ತಂದಿಟ್ಟಳು. ಹೊಗೆಗೆ ವೈನಿ ಕೆಮ್ಮಿದಳು, ಕೆಮ್ಮು ನಿಲ್ಲಲಿಲ್ಲ. ಅವ್ವ ಸಮೆ ಎತ್ತಿ ಹೊರಗೊಯ್ದಳು. ಮತ್ತೆ ಒಳಗೆ ಬಂದು ರ‍್ಯಾಕಿನ ಮುಂದೆ ನಿಂತು, ಆ ನೇರಳೆ ದೀಪದ ಕುತ್ತಿಗೆಗೆ ಅರಿಶಿನ ಕುಂಕುಮ ಹಚ್ಚಿದಳು. ಸೆರಗು ಒಡ್ಡಿ ಮನೆದೇವರಿಗೆ ಹೇಳಿದಳು.

"ನನ್ನ ಸೊಸಿ ಎದ್ದ ಓಡಾಡೂತನ ಈ ದೀಪ ಆರಗೊಡಂಗಿಲ್ಲ. ನೋಡಕೋ."

ಯಾರಾದರೂ ಮರೆತು ಆರಿಸಬಾರದೆಂದು ಸ್ವಿಚ್ಚಿನ ಮೇಲೆ ವೈನಿಯ ಸೂಜಿಯ ಗಾಯಕ್ಕೆ ತಂದಿದ್ದ ಅಂಟುಪಟ್ಟಿ ಅಂಟಿಸಿದಳು.

ನಮಗೆ ಯಾರಿಗೂ ಅದು ತಪ್ಪೆಂದು ಅನಿಸಲಿಲ್ಲ. ರೋಗಿಯ ಕೋಣೆಯಲ್ಲಿ ದೀಪ ಇರಬೇಕು, ಇದ್ದರೆ ಒಳ್ಳೆಯದು. ಗಿಡಕ್ಕೂ ಬೆಳಕು ಹೆಚ್ಚು ಸಿಕ್ಕರೆ ಹೆಚ್ಚು ಬೆಳೆದೀತು. ಮೊದಲು ತಿಳಿದದ್ದು ವೈನಿಗೆ. ದೀಪ ಹಗಲೂ ಇರುಳೂ ಅವಳ ಮುಖಕ್ಕೆ ಎದುರಾಗಿ ಉರಿಯುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದರೆ ಕೆನ್ನೆಯ ಕೆಂಪು ಉರಿಯುತ್ತಿತ್ತು. ಹೊರಳಿ ಮಲಗೋಣವೆಂದರೆ ಆ ಬದಿಯ ಕೀಲು ಕೂಗುತ್ತಿತ್ತು. ನವರಾತ್ರಿಯ ಹಾಗೆ ಪಡಸಾಲೆಗೆ ಒಯ್ಯೋಣವೆಂದರೆ ಏರುವ ಬಿಸಿಲಿಗೆ ಪರದೆ ಸಾಲದು.

"ಕಣ್ಣ ಮುಚ್ಚಿದ್ರ ಒಳಗೂ ಅದ ಐತಿ ತಂಗಿ. ರೆಪ್ಪಿ ಒಳಗ ಬದನೀಕಾಯಿ ಹೋಳ ಇಟ್ಟಂಗ ಆಗೇತಿ."

ಒಂದು ದಿನ ಅಣ್ಣ ತನ್ನ ಹಳೆಯ ಖಾಕಿ ಅಂಗಿಯನ್ನು ದೀಪದ ಮೇಲೆ ಹೊದಿಸಿದ. ಅವ್ವ ನೋಡಿ ಕಿತ್ತೆಸೆದಳು. "ದೀಪಕ್ಕ ಮುಸುಕ ಹಾಕತಾರೇನೋ, ಮನ್ಯಾಗ ಯಾರರೇ ಸತ್ತಂಗ?" ಅಣ್ಣ ಅಂಗಿ ಎತ್ತಿಕೊಂಡು ಹೊರಟುಹೋದ. ಅವನಿಗೆ ಅವ್ವನಿಗೆ ಎದುರು ಮಾತಾಡಿ ಗೊತ್ತಿಲ್ಲ. ನನಗೂ ಇಲ್ಲ.

ಬೇಸಿಗೆ ಬಂತು, ಕರೆಂಟು ಹೋಗುವ ಕಾಲ. ಹೋದಾಗ ಅವ್ವ ಗಾಬರಿಯಿಂದ ಪಡಸಾಲೆಯಲ್ಲಿ ಎಣ್ಣೆಯ ದೀಪ ಹಚ್ಚಿಕೊಂಡು ಕೂಡುತ್ತಿದ್ದಳು, ಕರೆಂಟು ಬರುವವರೆಗೆ ದೇವರ ಹೆಸರು ಹೇಳುತ್ತ. ಒಳಗೆ ಕತ್ತಲಾದೊಡನೆ ವೈನಿಗೆ ನಿದ್ದೆ ಹತ್ತುತ್ತಿತ್ತು. ನಾನು ಬೀಸಣಿಗೆ ಬೀಸುತ್ತ ಪಕ್ಕದಲ್ಲಿ ಕೂತಿರುತ್ತಿದ್ದೆ. ಬಾಯಿ ತುಸು ತೆರೆದು, ಕೈ ಬಿಚ್ಚಿ, ಮಕ್ಕಳ ಹಾಗೆ ಮಲಗುತ್ತಿದ್ದಳು. ಕರೆಂಟು ಬರದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಪಡಸಾಲೆಯಲ್ಲಿ ಅವ್ವ ಬರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಒಂದೇ ಮನೆಯಿಂದ, ಒಬ್ಬಳದೇ ಸಲುವಾಗಿ.

ಅವ್ವನ ಆ ಸಂಕಟ ನೋಡಲಾರದೆ ಅಣ್ಣ ಇನ್ವರ್ಟರ್ ತಂದು ಕೂಡಿಸಿದ. ಬ್ಯಾಟರಿಗೆ ಜೋಡಿಸಿದ್ದು ಒಂದೇ ಪಾಯಿಂಟು, ನಡುಮನೆಯ ದೀಪದ್ದು. ಅಂದು ಅವ್ವ ಎಷ್ಟೋ ದಿನದ ಮೇಲೆ ಮಗನ ತಲೆ ಸವರಿದಳು. ಸಂಜೆ ಓಣಿಯ ಕರೆಂಟೆಲ್ಲ ಹೋಯಿತು. ನಮ್ಮ ನಡುಮನೆಯ ದೀಪ ಒಮ್ಮೆ ಕಣ್ಣು ಪಿಳುಕಿಸಿ ಹಾಗೇ ಉರಿಯಿತು. ನಾನು ಬೀಸಣಿಗೆ ಹಿಡಿದು ಒಳಗೆ ಹೋದೆ. ವೈನಿ ನನ್ನನ್ನು ನೋಡಿದಳು, ದೀಪವನ್ನು ನೋಡಿದಳು.

ಆಗಲೇ ನಾನು ಅಂದದ್ದು, "ನಾ ಅವ್ವಗ ಹೇಳತೇನ್ರಿ ವೈನಿ. ಎಷ್ಟ ದಿನಾ ಹಿಂಗ?"

"ಬ್ಯಾಡ."

"ಯಾಕ್ರಿ?"

"ಅತ್ತಿಗೆ ಈಗ ಅದೊಂದ ಕೆಲಸ ಐತಿ ತಂಗಿ. ನೀ ರೊಟ್ಟಿ ಬಡೀತಿ, ನಿಮ್ಮಣ್ಣ ಡ್ಯೂಟಿಗೆ ಹೋಗತಾರ. ಆ ಮುದುಕಿ ನನ್ನ ಸಲುವಾಗಿ ಮಾಡೂದು ಮತ್ತೇನೈತಿ? ಅದನ್ನೂ ಕಸಗೊಂಡ್ರ ಗ್ವಾಡಿ ನೋಡಕೋತ ಕೂಡಬೇಕ ಅವ್ರು."

ಪರಾತದ ಮುಂದೆ ನನ್ನನ್ನು ಕೂಡಿಸಿದ ಹಾಗೆಯೇ ಅವಳು ಅವ್ವನನ್ನು ಆ ದೀಪದ ಮುಂದೆ ಕೂಡಿಸಿದ್ದಳು. ಅದಕ್ಕಾಗಿ ತನ್ನ ನಿದ್ದೆ ಕೊಡುತ್ತಿದ್ದಳು.

ಗಿಡಗಳು ಅವಳಷ್ಟು ತಾಳಲಿಲ್ಲ. ಪುದೀನ ಮೊದಲು ಹೋಯಿತು. ದೊಡ್ಡಪತ್ರೆಯ ಎಲೆ ಗಟ್ಟಿಯಾಗಿ, ಅಂಚು ಒಳಗೆ ಮಡಚಿ, ಚರ್ಮದಂತಾಯಿತು. ತುಳಸಿಗೆ ಹಳದಿ ಚುಕ್ಕೆ ಬಿದ್ದವು. ಅವ್ವ ನೀರು ಹೆಚ್ಚು ಹಾಕಿದಳು, ಬೇರು ಇನ್ನಷ್ಟು ಸೋತಿತು. ವೈನಿ ನನಗೆ ಮಾತ್ರ ಕೇಳುವಂತೆ ಅಂದಳು, "ಗಿಡಕ್ಕೂ ರಾತ್ರಿ ಬೇಕ ತಂಗಿ. ಎಷ್ಟಂತ ದುಡೀತಾವ?" ಅವಳ ದನಿಯಲ್ಲಿ ತಕರಾರು ಇರಲಿಲ್ಲ. ಅದು ಇದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮುಂಗಾರಿನ ಮಿರುಗಿನ ಮಳೆ ಹಿಡಿದ ಮೇಲೆ ಅವಳು ನನ್ನ ಕೈಲಿ ಹೊಸ ಮಣ್ಣು ತರಿಸಿದಳು. ಊಟದ ತಾಟಿನಲ್ಲಿ ಹರವಿ ಮೆಂತ್ಯೆ ಬಿತ್ತಲು ಹೇಳಿದಳು. ತಾಟನ್ನು ರ‍್ಯಾಕಿನ ಕೆಳಗಿನ ಹಲಗೆಯಲ್ಲಿ, ದೀಪದ ನೆರಳಿಗೆ ಇಡಿಸಿದಳು. ಯಾಕೆಂದು ಕೇಳಿದರೆ, "ನೋಡೂಣು" ಅಂದಳು. ಕಾಳು ಮೊಳೆತವು. ನೆರಳಿಗೆ ಹಳದಿಯಾಗಿ ಎದ್ದವು.

ತುಳಸಿ ಪೂರಾ ಕಡ್ಡಿಯಾದ ದಿನದ ಸಂಜೆ ವೈನಿ ಅವ್ವನನ್ನು ಕರೆದಳು. ಅಣ್ಣ ಆಗತಾನೆ ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ. ನಾನು ವೈನಿಯ ಕಾಲು ಒತ್ತುತ್ತಿದ್ದೆ.

"ಅತ್ತಿ, ಒಂದ ಮಾತ ಕೇಳತೀರೇನ್ರಿ?"

"ಹೇಳ ಯವ್ವಾ."

"ತುಳಸವ್ವ ಒಣಗ್ಯಾರ್ರಿ."

"ಒಣಗಲಿ. ನಾಳೆ ಬ್ಯಾರೆ ತುಳಸಿ ತರೂಣು. ದೀಪ ಆರಿದ್ರ ಸೊಸಿನ್ನ ಎಲ್ಲಿಂದ ತರ್ಲಿ ನಾ?"

ಅವ್ವನಿಗೆ ಎಲ್ಲವೂ ಗೊತ್ತಿತ್ತೆಂದು ಆಗ ನನಗೆ ತಿಳಿಯಿತು. ನಿದ್ದೆಯಿಲ್ಲದ ಕಣ್ಣು ಅವಳೂ ನೋಡಿದ್ದಳು. ವೈನಿ ಅವ್ವನ ಕೈಯನ್ನು ತನ್ನ ಬಾತ ಬೆರಳುಗಳಲ್ಲಿ ಹಿಡಿದುಕೊಂಡಳು.

"ಘಟ್ಟಕ್ಕೂ ಒಂಬತ್ತ ದಿನಾ ಅಷ್ಟರಿ ಅತ್ತಿ. ದೇವರೂ ಅದಕ್ಕಿಂತ ಹೆಚ್ಚ ಕೇಳೂದಿಲ್ಲ. ತಾಟಿನ್ಯಾಗ ನೋಡ್ರಿ, ನೀವು ಅಂದಂಗ ಹಳದಿ ಬಂದಾವ, ಬಂಗಾರಧಂಗ. ಇವತ್ತ ಘಟ್ಟಾ ಎಬ್ಬಸ್ರಿ. ನಿಮ್ಮ ಕೈಯಾರೆ ಎಬ್ಬಸಿ, ದೀಪ ಶಾಂತ ಮಾಡ್ರಿ. ಆರಿಸಿಧಂಗ ಆಗೂದಿಲ್ಲ ಅದು."

ಅವ್ವ ಬಾಗಿ ತಾಟಿನ ಸಸಿ ಮುಟ್ಟಿ ನೋಡಿದಳು. ಬಾಗಿಲಲ್ಲಿ ಅಣ್ಣ ಒಂದು ಬೂಟು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದ.

"ನೀ ಎದ್ದ ಓಡಾಡೂತನ ಅಂತ ಬೇಡಕೊಂಡೇನಬೇ."

"ಒಂದ ರಾತ್ರಿ ಮಲಗಿದ್ರ ನಾಳೆ ಎದ್ದೇನ್ರಿ ಅತ್ತಿ."

ಅವ್ವ ಕೈಕಾಲು ತೊಳೆದು ಬಂದಳು. ತಾಟಿನ ಮುಂದೆ ಕೂತು ಅರಿಶಿನ ಕುಂಕುಮ ಏರಿಸಿದಳು. ಒಂದು ಹಿಡಿ ಹಳದಿ ಸಸಿ ಕಿತ್ತು, ಸ್ವಲ್ಪ ದೇವರಿಗೆ ಇಟ್ಟು, ಸ್ವಲ್ಪವನ್ನು ವೈನಿಯ ಕೂದಲಿಗೆ ಸಿಕ್ಕಿಸಿದಳು. ಕೂದಲು ಉದುರಿ ಉದುರಿ ಸಿಕ್ಕಿಸಲು ಜಾಗವಿರಲಿಲ್ಲ. ಕಿವಿಯ ಹಿಂದೆ ಇಟ್ಟಳು. ಆಮೇಲೆ ಸ್ವಿಚ್ಚಿನ ಮೇಲಿನ ಪಟ್ಟಿ ಸುಲಿದಳು. ಅಷ್ಟು ದಿನದ ಅಂಟು, ತುಂಡು ತುಂಡಾಗಿ ಬಂತು. ದೀಪಕ್ಕೆ ಕೈ ಮುಗಿದು ಒತ್ತಿದಳು.

ಕತ್ತಲಿಗೆ ನಮ್ಮ ಕಣ್ಣು ಹೊಂದಲು ಸ್ವಲ್ಪ ಹೊತ್ತು ಬೇಕಾಯಿತು. ಅಡುಗೆಮನೆಯಿಂದ ಬರುವ ಬೆಳಕಿನಲ್ಲಿ ವೈನಿಯ ಮುಖ ಎಷ್ಟೋ ದಿನದ ಮೇಲೆ ಮನುಷ್ಯರ ಬಣ್ಣದಲ್ಲಿ ಕಂಡಿತು. ಅಂದು ಉಂಡದ್ದು ರೊಟ್ಟಿ, ಉಳಿದ ಎಳೆ ಮೆಂತ್ಯೆಗೆ ಉಳ್ಳಾಗಡ್ಡಿ, ಶೇಂಗಾ ಪುಡಿ ಕಲಸಿದ ಹಸಿ ಪಲ್ಲೆ. ವೈನಿ ಹಾಲಿನಲ್ಲಿ ನೆನೆಸಿದ ಅರ್ಧ ರೊಟ್ಟಿ ತಿಂದಳು. ನಾವು ಕೈ ತೊಳೆಯುವುದರೊಳಗೆ, ಎಲ್ಲರಿಗಿಂತ ಮೊದಲು ಮಲಗಿದ್ದಳು.

ಮರುದಿನ ಹೊತ್ತೇರಿದ ಮೇಲೆ ಎಚ್ಚರವಾಗಿ ಅವಳು ಮೊದಲು ಕರೆದದ್ದು ಅವ್ವನನ್ನೇ. "ಅತ್ತೀ, ಎಷ್ಟ ಚಲೋ ನಿದ್ದಿ ಬಂತಂತೀರಿ! ಕನಸಿನ್ಯಾಗ ನಮ್ಮ ತೆಲಸಂಗದ ಹೊಲಾ ಬಂದಿತ್ತು." ಅವ್ವ ಸೆರಗಿನಿಂದ ಅವಳ ಮುಖ ಒರೆಸಿದಳು. ಇಬ್ಬರೂ ಚಹಾ ಕುಡಿದರು. ನಾನು ಒಣಗಿದ ತುಳಸಿಯ ಕಡ್ಡಿ ತೆಗೆಯಲು ಹೋದರೆ ವೈನಿ ಬೇಡವೆಂದಳು, ಬುಡದಿಂದ ಚಿಗುರಬಹುದು ಎಂದಳು.

ಆ ವಾರ ಮುಗಿಯುವುದರೊಳಗೆ ಒಂದು ಮಧ್ಯಾಹ್ನ, ನಾನು ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕುತ್ತಿದ್ದಾಗ, ಅವಳು ಹೋದಳು. ಮಿರಜದ ಡಾಕ್ಟರು ಮೊದಲೇ ಅಣ್ಣನಿಗೆ ಹೇಳಿದ್ದರಂತೆ, ಈ ಮಳೆಗಾಲ ದಾಟುವುದು ಕಷ್ಟ ಎಂದು. ಅಣ್ಣ ಅದನ್ನು ತನ್ನೊಳಗೇ ಇಟ್ಟುಕೊಂಡು ಟಿಕೆಟ್ ಹರಿಯುತ್ತ ತಿರುಗಿದ್ದ. ಈಗ ಅವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದ. ಕಾಗದ ತೋರಿಸಿದ. ಅವ್ವ ಕಾಗದ ನೋಡಲಿಲ್ಲ.

"ಎದ್ದ ಓಡಾಡೂತನ ಅಂದಿದ್ದೆ. ನಡುವ ಆರಿಸಿದೆ. ಈ ಕೈಲೆ."

"ಅವ್ವಾ, ಆಕಿ ನಿನ್ನ ಕೈಯಿಂದ ನಿದ್ದಿ ಮಾಡ್ಯಾಳ. ಚಲೋ ನಿದ್ದಿ ಬಂತಂತ ನಿನಗ ಹೇಳಿಲ್ಲೇನ?" ಎಂದು ನಾನು ಹೇಳಿದೆ. ಅಂದೂ ಹೇಳಿದೆ, ಇಂದಿಗೂ ಹೇಳುತ್ತಿದ್ದೇನೆ. ಅವ್ವನ ಕಿವಿಗೆ ಅದು ಹೋಗುವುದಿಲ್ಲ. ವೈನಿ ತನ್ನ ಕಡೆಯ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಅವ್ವನ ಮೇಲೆ ದೋಷ ಬಾರದ ಹಾಗೆ ಒಂದು ದಾರಿ ಕಟ್ಟಿದ್ದಳು. ನೆರಳಿಗೆ ತಾಟು ಇಡಿಸಿ, ಹಳದಿ ಸಸಿ ಎಬ್ಬಿಸಿ. ಆ ದಾರಿಯಲ್ಲೇ ಅವ್ವ ಸಿಕ್ಕಿಕೊಂಡಿದ್ದಾಳೆ. ನನ್ನನ್ನು ಈ ಮನೆಯೊಳಗೆ ಕೂಡಿಸಿಕೊಂಡವಳ ಋಣ ನನ್ನ ಮೇಲಿದೆ. ಅದರಲ್ಲಿ ನಾನು ಮಾಡಬೇಕಾದದ್ದು ಇದೊಂದೇ, ಆ ನಿದ್ದೆಯ ಮಾತನ್ನು ಅವ್ವ ನಂಬುವಂತೆ ಹೇಳುವುದು. ಅದು ನನ್ನಿಂದ ಆಗಿಲ್ಲ. ಆಗುತ್ತದೆಂದೂ ಅನಿಸುವುದಿಲ್ಲ.

ದಿನಕರ್ಮ ಮುಗಿದ ಸಂಜೆ ಅವ್ವ ನೇರಳೆ ದೀಪವನ್ನು ಮತ್ತೆ ಹಚ್ಚಿದಳು. ಕೆಳಗೆ ತುಳಸಿಯ ಕಡ್ಡಿ. ಅದು ಬುಡದಿಂದ ಚಿಗುರಲಿಲ್ಲ. ದಸರೆ ಬಂತು, ಹೋಯಿತು, ಮನೆಯಲ್ಲಿ ಘಟ್ಟ ಕೂಡಿಸಲಿಲ್ಲ. ದೀಪ ಮಾತ್ರ ಹಗಲೂ ಇರುಳೂ ಖಾಲಿ ಹಾಸಿಗೆಗೆ ಎದುರಾಗಿ ಉರಿಯಿತು. ಆರಿಸುವವರು ಯಾರೂ ಇರಲಿಲ್ಲ. ಇವತ್ತು ತಾನಾಗಿಯೇ ಸುಟ್ಟುಕೊಂಡಿತು.

ಅಣ್ಣ ಬಂದ ಮೇಲೆ ಅವ್ವನಿಗೆ ಹೇಳಿದೆ. ಅವಳು ನಡುಮನೆಗೆ ಹೋಗಿ ಕತ್ತಲಲ್ಲಿ ದೀಪದ ಕುತ್ತಿಗೆ ಮುಟ್ಟಿ ನೋಡಿದಳು. ಕೊಲ್ಲಾಪುರದ ಡ್ಯೂಟಿ ಬಿದ್ದಾಗ ಬೇರೆ ತರುತ್ತೇನೆ ಎಂದು ಅಣ್ಣ ಅಂದ. ಅವ್ವ ಬೇಡ ಅಂದಳು. ದೇವರ ಮೂಲೆಯಿಂದ ಎಣ್ಣೆಯ ಸಮೆ ತಂದು ರ‍್ಯಾಕಿನಲ್ಲಿಟ್ಟು ಹಚ್ಚಿದಳು. ಬತ್ತಿ ಹೊಗೆಯಾಡಿತು. ಈಗ ಕೆಮ್ಮುವವರು ಯಾರೂ ಇಲ್ಲ.

ರಾತ್ರಿ ಉಂಡದ್ದು ರೊಟ್ಟಿ, ಬದನೆಕಾಯಿ ಪಲ್ಲೆ, ನಿನ್ನೆಯ ಸಾರು. ಅವ್ವ ಎರಡು ತುತ್ತು ತಿಂದು ತಾಟು ಸರಿಸಿದಳು. ಮೊದಲು ಮಲಗಿದವನು ಅಣ್ಣ. ಆಮೇಲೆ ನಾನು. ಅವ್ವ ಸಮೆಗೆ ಎಣ್ಣೆ ಹಾಕುತ್ತ ಕೂತಿದ್ದಳು.